ಟಿಕೆಟ್ ವ್ಯವಸ್ಥೆ ಆಯಿತು, ಹಾದಿಯ ಕೆಲಸ ಯಾವಾಗ?

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ನೆಲೆಸಿರುವ ಕನ್ನಡದವರಲ್ಲಿ ಹ್ಯಾರಿಮನ್ ಸ್ಟೇಟ್ ಪಾರ್ಕ್ ನೋಡದವರು ಕಡಿಮೆ. ಊರಿಂದ ಅಪ್ಪ ಅಮ್ಮ ಬಂದರೆ ಪಕ್ಕದ ಬೇರ್ ಮೌಂಟನ್‌ಗೆ ಕಾರಿನಲ್ಲಿ ಹತ್ತಿಸಿ, ಸೆವೆನ್ ಲೇಕ್ಸ್ ಡ್ರೈವ್‌ನಲ್ಲಿ ಒಂದು ಸುತ್ತು ಹಾಕಿ, ಟಿಯೊರಾಟಿ ಕೆರೆಯ ದಂಡೆಯಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವುದು ಇಲ್ಲಿನ ವಾಡಿಕೆಯೇ ಆಗಿದೆ. ಆದರೆ ಪಾರ್ಕಿನ ನಿಜವಾದ ಆಸ್ತಿ ರಸ್ತೆಯಿಂದ ಕಾಣುವುದಿಲ್ಲ. ಕಾಡಿನೊಳಗೆ 30ಕ್ಕೂ ಹೆಚ್ಚು ಕೆರೆಗಳು, ಅವುಗಳ ನಡುವೆ ಬೋಳುಬಂಡೆಯ ಏಣುಗಳು, ಇವನ್ನೆಲ್ಲ ಹೆಣೆಯುವ 200 ಮೈಲಿಗೂ ಹೆಚ್ಚು ಉದ್ದದ ಕಾಲುಹಾದಿಗಳಿವೆ. ಬೆಟ್ಟಗಳು ಎತ್ತರದಲ್ಲಿ ನಮ್ಮ ಪಶ್ಚಿಮಘಟ್ಟದ ಮುಂದೆ ಏನೂ ಅಲ್ಲ. ಹತ್ತಿಳಿಯುವುದು ಮಾತ್ರ ಮುಗಿಯುವುದೇ ಇಲ್ಲ. ಒಂದು ಏಣು ಇಳಿದರೆ ಹಳ್ಳ, ಹಳ್ಳ ದಾಟಿದರೆ ಮತ್ತೊಂದು ಏಣು.

ಇಲ್ಲಿ ನಡೆಯಲು ಪರವಾನಗಿ ಬೇಡ, ಗೈಡ್ ಬೇಡ. ಹಾದಿಯೇ ದಾರಿ ಹೇಳುತ್ತದೆ. ಕರ್ನಾಟಕದಲ್ಲಿ ಇದಕ್ಕೆ ತಿರುಗುಮುರುಗು. ಯಾರು ಹೋಗಬೇಕು, ಎಷ್ಟು ಜನ ಹೋಗಬೇಕು ಎಂಬುದಕ್ಕೆ ಈಗ ಒಂದು ಕ್ರಮ ಬಂದಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಮೇಲೆ ಇರುವೆ ಸಾಲಿನಂತೆ ನಿಂತ ಜನರ ವಿಡಿಯೊಗಳು ಹರಿದಾಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಇಲಾಖೆ ನಿಲ್ಲಿಸಿತು. ದಿನಕ್ಕೆ ಇಂತಿಷ್ಟು ಜನ ಎಂಬ ಮಿತಿ ಬಂತು. ಅದು ಸರಿಯಾದ ಹೆಜ್ಜೆ. ಆದರೆ ಆ ಜನ ಕಾಲಿಡುವ ನೆಲವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿದಿದೆ. ನನ್ನ ತಕರಾರು ಇರುವುದು ಅಲ್ಲಿ.

ಹ್ಯಾರಿಮನ್‌ನ ವ್ಯವಸ್ಥೆ ಒಂದೇ ದಿನದಲ್ಲಿ ಆದದ್ದಲ್ಲ. 1910ರಲ್ಲಿ ಮೇರಿ ಹ್ಯಾರಿಮನ್ 10,000 ಎಕರೆ ಜಮೀನನ್ನೂ 10 ಲಕ್ಷ ಡಾಲರನ್ನೂ ನ್ಯೂಯಾರ್ಕ್ ರಾಜ್ಯಕ್ಕೆ ಕೊಟ್ಟರು. 1920ರಲ್ಲಿ ಹಲವು ನಡಿಗೆ ಸಂಘಗಳು ಸೇರಿ ನ್ಯೂಯಾರ್ಕ್–ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್ ಕಟ್ಟಿಕೊಂಡವು. ಜಾರ್ಜಿಯಾದಿಂದ ಮೇನ್‌ವರೆಗೆ ಹಬ್ಬಿರುವ ಅಪಲೇಚಿಯನ್ ಟ್ರೇಲ್‌ನ ಮೊಟ್ಟಮೊದಲ ತುಂಡು ಬಳಕೆಗೆ ತೆರೆದದ್ದೂ ಇಲ್ಲೇ, 1923ರ ಅಕ್ಟೋಬರಿನಲ್ಲಿ. ಜಾಗ ಸರ್ಕಾರದ್ದು, ಹಾದಿಯ ಕೆಲಸ ಬಹುಪಾಲು ಸ್ವಯಂಸೇವಕರದ್ದು. ಈ ಹೊಂದಾಣಿಕೆ ನೂರು ವರ್ಷ ದಾಟಿದೆ.

ಕೆಲಸ ಹಂಚುವ ಬಗೆ ಸರಳ. ಹಾದಿಯನ್ನು ಒಂದೆರಡು ಮೈಲಿಯ ತುಂಡುಗಳಾಗಿ ಮಾಡಿ, ಪ್ರತಿ ತುಂಡನ್ನೂ ಒಬ್ಬರಿಗೆ ವಹಿಸುತ್ತಾರೆ. ಅವರು ವರ್ಷಕ್ಕೆ ಕೆಲವು ಸಲ ಅದನ್ನು ನಡೆದು, ಮೈಮೇಲೆ ಬೀಳುವ ಬ್ಲೂಬೆರಿ, ಲಾರೆಲ್ ಗಿಡಗಳನ್ನು ಉದ್ದ ಹಿಡಿಯ ಕತ್ತರಿಯಿಂದ ಸವರಿ, ಅಡ್ಡ ಬಿದ್ದ ಕೊಂಬೆಗಳನ್ನು ಕೈಗರಗಸದಲ್ಲಿ ಕೊಯ್ದು, ಕಸ ಹೊತ್ತು ತಂದು, ಏನಾಗಿದೆ ಎಂದು ವರದಿ ಕೊಡಬೇಕು. ದೊಡ್ಡ ಮರ ಬಿದ್ದಿದ್ದರೆ ಮುಟ್ಟುವಂತಿಲ್ಲ. ಯಂತ್ರಗರಗಸದ ತರಬೇತಿ ಪಡೆದವರೇ ಬರಬೇಕು. ಬಿಗಿಯಾಗಿ ಒತ್ತಿಕೊಂಡು ಬಿದ್ದ ಕಾಂಡವನ್ನು ತಪ್ಪು ಬದಿಯಿಂದ ಕೊಯ್ದರೆ ಅದು ಚಿಮ್ಮಿ ಕಾಲು ಮುರಿಯುತ್ತದೆ.

ಇನ್ನು ಬಣ್ಣದ ಗುರುತು, ಇಲ್ಲಿಯವರು ಬ್ಲೇಜ್ ಎನ್ನುವುದು. ಸಾಮಾನ್ಯ ಹಾದಿಗೆ 2 ಇಂಚು ಅಗಲ, 3 ಇಂಚು ಎತ್ತರ; ಅಪಲೇಚಿಯನ್ ಟ್ರೇಲ್‌ಗೆ 2 ಇಂಚು ಅಗಲ, 6 ಇಂಚು ಎತ್ತರದ ಬಿಳಿ ಪಟ್ಟಿ. ಮರದ ಮೇಲೆ ಸಡಿಲವಾಗಿರುವ ಹೊರತೊಗಟೆಯನ್ನಷ್ಟೇ ಸ್ಕ್ರೇಪರ್‌ನಿಂದ ಕೆರೆದು ಮಟ್ಟಮಾಡಬೇಕು. ಒಳಗಿನ ಹಸಿ ಪದರಕ್ಕೆ ತಾಗಿದರೆ ಮರಕ್ಕೆ ಗಾಯ, ರಸ ಒಸರಿ ಬಣ್ಣವೂ ನಿಲ್ಲದು. ಆಮೇಲೆ ಬ್ರಷ್‌ನಿಂದ ಧೂಳು ಹೊಡೆದು, ನಾಲ್ಕೂ ಅಂಚು ನೇರ ಬರುವಂತೆ ಬಳಿಯಬೇಕು. ಬಣ್ಣ ಇಳಿದು ಸೋರಿದರೆ ದೂರದಿಂದ ಆಕಾರ ಗೊತ್ತಾಗುವುದಿಲ್ಲ. ಗುರುತು ಕಣ್ಣಿನ ಮಟ್ಟದಲ್ಲಿ, ನಡೆದು ಬರುವವರಿಗೆ ಎದುರಾಗಿರಬೇಕು, ಮತ್ತು ಹೋಗುವವರಿಗೂ ಬರುವವರಿಗೂ ಬೇರೆ ಬೇರೆ ಬಳಿಯಬೇಕು. ಒಂದರ ಮೇಲೊಂದು ಎರಡು ಗುರುತು ಕಂಡರೆ ಮುಂದೆ ತಿರುವು. ಮೇಲಿನದು ಯಾವ ಕಡೆ ಸರಿದಿದೆಯೋ ಆ ಕಡೆ ತಿರುಗಬೇಕು. ತ್ರಿಕೋನದಂತೆ ಮೂರು ಇದ್ದರೆ ಹಾದಿಯ ಆರಂಭ ಅಥವಾ ಕೊನೆ. ಅಕ್ಷರ ಬಾರದವರೂ ಐದು ನಿಮಿಷದಲ್ಲಿ ಕಲಿಯಬಹುದಾದ ಲಿಪಿ ಇದು.

ಹಾಗೆಂದು ದಾರಿ ತಪ್ಪುವುದಿಲ್ಲ ಎಂದಲ್ಲ. ಟಕ್ಸೀಡೊ ರೈಲು ನಿಲ್ದಾಣದಿಂದ ಹೊರಡುವ ರಮಪೊ–ಡಂಡರ್‌ಬರ್ಗ್ ಹಾದಿಯ ಗುರುತು ಬಿಳಿಯ ಮೇಲೆ ಕೆಂಪು ಚುಕ್ಕೆ. ಅದರಿಂದ ಕವಲೊಡೆಯುವ ಟಕ್ಸೀಡೊ–ಮೌಂಟ್ ಐವಿ ಹಾದಿಯದು ಬಿಳಿಯ ಮೇಲೆ ಕೆಂಪು ಗೆರೆ. ಪೈನ್ ಮೆಡೋ ಕೆರೆಗೆ ಹೋಗುವ ಹಾದಿಯದೂ ಬಿಳಿಯ ಮೇಲೆ ಕೆಂಪೇ. ‘ಕೆಂಪು ಬಣ್ಣ ನೋಡಿಕೊಂಡು ಹೋಗಿ’ ಎಂದು ಯಾರೋ ಹೇಳಿದ್ದನ್ನು ನಂಬಿ ಹೊರಟವರು ಕವಲಿನಲ್ಲಿ ಎಡವುತ್ತಾರೆ. ಬಣ್ಣದ ಜೊತೆ ಆಕಾರವನ್ನೂ ನೆನಪಿಡಬೇಕು. ಎಲೆ ಉದುರಿದ ಮೇಲೆ, ಅಂದರೆ ನವೆಂಬರಿನಲ್ಲಿ, ಕಾಲುಹಾದಿಯೇ ಮುಚ್ಚಿಹೋಗಿ ಇಡೀ ಕಾಡು ಹಾದಿಯಂತೆ ಕಾಣುತ್ತದೆ. ಬೋಳುಬಂಡೆಯ ಮೇಲೆ ಮರವಿಲ್ಲದ ಕಡೆ ಗುರುತು ನೆಲದ ಬಂಡೆಗೇ ಬಳಿದಿರುತ್ತದೆ, ಹಿಮ ಬಿದ್ದರೆ ಅದೂ ಇಲ್ಲ. ಮೂರು ನಾಲ್ಕು ನಿಮಿಷ ನಡೆದರೂ ಗುರುತು ಕಾಣದಿದ್ದರೆ ಮುಂದೆ ಹುಡುಕುತ್ತ ಹೋಗಬಾರದು, ಕೊನೆಯದಾಗಿ ಕಂಡ ಗುರುತಿಗೆ ವಾಪಸ್ ಬರಬೇಕು. ಟ್ರೇಲ್ ಕಾನ್ಫರೆನ್ಸ್‌ನ ನೀರಿಗೆ ಹಾಳಾಗದ ನಕ್ಷೆಗಳಲ್ಲಿ ದಕ್ಷಿಣ ಭಾಗಕ್ಕೆ 118ನೆಯದು, ಉತ್ತರಕ್ಕೆ 119ನೆಯದು. ಫೋನಿನಲ್ಲಿ ಇದ್ದರೂ ಒಂದು ಪ್ರತಿ ಚೀಲದಲ್ಲಿರಲಿ. ಜನವರಿಯ ಚಳಿಗೆ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ.

ಗುರುತಿಗಿಂತ ದೊಡ್ಡ ವಿಷಯ ನೀರು. ಹಾದಿಯನ್ನು ಹಾಳುಮಾಡುವುದು ಕಾಲುಗಳೆಂದು ನಾವು ತಿಳಿದಿದ್ದೇವೆ. ಕಾಲು ಹುಲ್ಲನ್ನು ಸವೆಸುತ್ತದೆ ಅಷ್ಟೆ, ಮಣ್ಣನ್ನು ಹೊತ್ತೊಯ್ಯುವುದು ಮಳೆ. ಹಾದಿ ನೇರವಾಗಿ ಗುಡ್ಡ ಹತ್ತಿದರೆ ಅದೇ ತೋಡಾಗುತ್ತದೆ. ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದು ಹಾದಿ ಕಟ್ಟುವವರ ಮೂಲಪಾಠ. ಗುಡ್ಡದ ಮೈ 30 ಪರ್ಸೆಂಟ್ ಇಳಿಜಾರಿದ್ದರೆ ಹಾದಿ 15 ಪರ್ಸೆಂಟ್ ದಾಟಕೂಡದು. ದಾಟಿದಲ್ಲಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಹಾದಿಗೆ ಓರೆಯಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಪೂರಾ ಅಡ್ಡ ಇಟ್ಟರೆ ಹಿಂದೆ ಹೂಳು ತುಂಬಿ ನೀರು ಮೇಲಿಂದ ಹಾರುತ್ತದೆ. ತೀರಾ ಓರೆಯಾದರೆ ನೀರು ರಭಸ ಪಡೆದು ಅಂಚನ್ನೇ ಕೊರೆಯುತ್ತದೆ. ಸುಮಾರು 45 ಡಿಗ್ರಿ ಸರಿ. ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗೆ ಇರಬೇಕು, ಎರಡೂ ತುದಿ ಹಾದಿಯ ಅಂಚು ದಾಟಿರಬೇಕು. ಇಟ್ಟ ಮೇಲೆ ಎಲೆ, ಹೂಳು ತೆಗೆಯದಿದ್ದರೆ ಎರಡು ಮಳೆಗಾಲದಲ್ಲಿ ಅದು ಇದ್ದೂ ಇಲ್ಲದಂತೆ. ಅಡಿಕೆ ತೋಟದ ಬಸಿಗಾಲುವೆಯನ್ನು ವರ್ಷವರ್ಷ ಬಿಡಿಸುವ ಮಲೆನಾಡಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ತೀರಾ ಕಡಿದಾದ ಕಡೆ ಮೆಟ್ಟಿಲೇ ದಾರಿ. ಬೇರ್ ಮೌಂಟನ್‌ನಲ್ಲಿ ಅಪಲೇಚಿಯನ್ ಟ್ರೇಲ್ ಸವೆದು ಅಗಲವಾದ ಗಾಯದಂತಾಗಿತ್ತು. 2006ರಿಂದ 2018ರವರೆಗೆ ಅದನ್ನು ಹೊಸದಾಗಿ ಕಟ್ಟಿದರು. ಸಾವಿರಕ್ಕೂ ಹೆಚ್ಚು ಗ್ರಾನೈಟ್ ಮೆಟ್ಟಿಲು, ಒಂದೊಂದೂ ನೂರಾರು ಕಿಲೋ. ತಂತಿಹಗ್ಗ, ರಾಟೆ ಕಟ್ಟಿ ಕಲ್ಲನ್ನು ತೇಲಿಸಿ ತಂದು, ಹಾರೆಯಿಂದ ಮೀಟಿ ಕೂರಿಸಿದ್ದಾರೆ. ಹೀಗೆ ಮೆಟ್ಟಿಲು ಕಟ್ಟುವಾಗ ಕೆಳಗಿನಿಂದ ಶುರುಮಾಡಿ, ಮೇಲಿನ ಕಲ್ಲಿನ ಮುಂದಿನ ಅಂಚು ಕೆಳಗಿನ ಕಲ್ಲಿನ ಹಿಂದಿನ ಅಂಚಿನ ಮೇಲೆ ಕೂರುವಂತೆ ಇಡಬೇಕು, ಆಗ ಇಡೀ ಸಾಲು ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಸಂದಿಗೆ ಮಣ್ಣಲ್ಲ, ಜಲ್ಲಿ ತುಂಬಬೇಕು; ಮಣ್ಣು ತೊಳೆದುಹೋಗುತ್ತದೆ. ಮೆಟ್ಟಿಲು 8 ಇಂಚಿಗಿಂತ ಎತ್ತರವಾದರೆ ಜನ ಪಕ್ಕದಿಂದ ಹತ್ತಿ ಹೊಸ ಕೊರಕಲು ಮಾಡುತ್ತಾರೆ, ಅದಕ್ಕೇ ಎರಡೂ ಬದಿ ಒರಟು ಕಲ್ಲುಗಳನ್ನು ನಿಲ್ಲಿಸುತ್ತಾರೆ. ಇಷ್ಟೆಲ್ಲ ಮಾಡಿದರೂ 2023ರ ಜುಲೈ 9ರ ಮಳೆಗೆ ಹ್ಯಾರಿಮನ್, ಬೇರ್ ಮೌಂಟನ್ ಎರಡರಲ್ಲೂ ರಸ್ತೆ, ಸೇತುವೆ, ಹಾದಿ ಕೊಚ್ಚಿಹೋದವು. ಯಾವ ತುಂಡು ಯಾರದು ಎಂಬುದು ಮೊದಲೇ ಗೊತ್ತಿದ್ದರೆ, ಎಲ್ಲಿ ಏನು ಹೋಗಿದೆ ಎಂಬ ಪಟ್ಟಿ ಬೇಗ ಸಿದ್ಧವಾಗುತ್ತದೆ.

ಈಗ ಕುಮಾರಪರ್ವತ. ಶಿಖರ 1,712 ಮೀಟರ್, ಕುಕ್ಕೆಯಿಂದ ಏರು 1,500 ಮೀಟರಿಗೂ ಹೆಚ್ಚು. ಹ್ಯಾರಿಮನ್‌ಗೆ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು ಮಳೆ ಅಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅಂದ ಮೇಲೆ ನೀರು ತಿರುಗಿಸುವ ಕೆಲಸ ಅಲ್ಲಿ ಹೆಚ್ಚು ಬೇಕು, ಕಡಿಮೆ ಅಲ್ಲ. ಹುಲ್ಲುಗಾವಲಿನ ಏರುಗಳಲ್ಲಿ ಹಾದಿ ಕೊರಕಲಾದರೆ ಜನ ಪಕ್ಕಕ್ಕೆ ಸರಿಯುತ್ತಾರೆ, ಆ ಪಕ್ಕವೂ ಕೊರಕಲಾಗುತ್ತದೆ, ಕೊನೆಗೆ ಸಾಲುಸಾಲು ತೋಡು. ಶೋಲಾ ಕಾಡಿನ ನಡುವಿನ ಹುಲ್ಲು ಒಮ್ಮೆ ಕಿತ್ತುಹೋದರೆ ಮರಳಿ ಹಿಡಿಯಲು ವರ್ಷಗಳು ಬೇಕು. ಜನರ ಸಂಖ್ಯೆ ಇಳಿಸಿದ ಮಾತ್ರಕ್ಕೆ ಈ ತೋಡುಗಳು ಮುಚ್ಚುವುದಿಲ್ಲ.

ಇಲ್ಲಿಯದನ್ನೆಲ್ಲ ಅಲ್ಲಿಗೆ ಹೊತ್ತೊಯ್ಯಬೇಕೆಂದು ನಾನು ಹೇಳುತ್ತಿಲ್ಲ. ಆನೆ ಓಡಾಡುವ ಕಾಡಿನಲ್ಲಿ ಗೈಡ್ ಬೇಕೇ ಬೇಕು, ಮಳೆಗಾಲದಲ್ಲಿ ಅಪಾಯವಿರುವ ಹಾದಿಗಳನ್ನು ಮುಚ್ಚುವುದೂ ಸರಿ. ಅಭಯಾರಣ್ಯದ ಮರಮರಕ್ಕೂ ಬಣ್ಣ ಬಳಿಯುವುದು ಬೇಡ. ಮಂಜು ಮುಸುಕುವ ಹುಲ್ಲಿನ ಬೆನ್ನಿನಲ್ಲಿ ಒಂದರಿಂದ ಇನ್ನೊಂದು ಕಾಣುವಷ್ಟು ಹತ್ತಿರ, 20–30 ಮೀಟರಿಗೊಂದರಂತೆ ಮೊಣಕಾಲೆತ್ತರದ ಕಲ್ಲುಗುಪ್ಪೆ ಸಾಕು. ಇನ್ನೊಂದು ವಿಷಯದಲ್ಲಿ ಊರಿನ ರೀತಿಯೇ ಮೇಲು. ಕುಮಾರಪರ್ವತದ ಹಾದಿಯಲ್ಲಿರುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡು ಬೆಟ್ಟ ಹತ್ತಿದವರಿಗೆ ಆ ಕಾಡಿನಲ್ಲಿ ಮನುಷ್ಯರು ಬಾಳಿದ್ದಾರೆಂಬುದು ಗೊತ್ತಾಗುತ್ತದೆ. ಮುಳ್ಳೋಡಿಯ ಮನೆಗಳಲ್ಲಿ ಉಳಿದು ಕುದುರೆಮುಖ ಹತ್ತುವವರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ. ಹ್ಯಾರಿಮನ್‌ನ ಒಳಗೆ ಅಂಥ ಊರು ಉಳಿದಿಲ್ಲ. ಪಾರ್ಕ್ ಬೆಳೆದಂತೆ ಅಲ್ಲಿದ್ದ ಸಣ್ಣ ವಸತಿಗಳು ಖಾಲಿಯಾದವು, ಈಗ ಕಾಣುವುದು ಹಳೆಯ ಕಲ್ಲುಗೋಡೆ, ಗೋರಿಗಳು.

ರಕ್ತ ಹೀರುವ ಉಣ್ಣೆ ಹುಳದ (ಉಣುಗಿನ) ಬಗ್ಗೆಯೂ ಒಂದು ಮಾತು. ಇಲ್ಲಿನ ಜಿಂಕೆ ಉಣ್ಣೆಯ ಮರಿ ಗಸಗಸೆಯಷ್ಟು ಚಿಕ್ಕದು, ಲೈಮ್ ಕಾಯಿಲೆ ಹರಡುತ್ತದೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸುವುದು, ಮನೆಗೆ ಬಂದ ತಕ್ಷಣ ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳುವುದು ಇಲ್ಲಿ ಮಕ್ಕಳಿಗೂ ರೂಢಿ. ನಮ್ಮಲ್ಲಿ ಜಿಗಣೆಗೆ ಹೆದರುತ್ತೇವೆ, ಅದು ರಕ್ತ ಹೀರಿ ಉದುರುತ್ತದೆ, ಅಷ್ಟೆ. ಆದರೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ, ಅದೂ ಚಾರಣದ ದಿನಗಳಾದ ಚಳಿ, ಬೇಸಿಗೆಯಲ್ಲೇ ಹೆಚ್ಚು. ಮಲೆನಾಡಿನ ಪ್ರತಿ ಚಾರಣದ ಬುಕಿಂಗ್ ಚೀಟಿಯ ಮೇಲೂ ಈ ಎಚ್ಚರಿಕೆ ಅಚ್ಚಾಗಬೇಕು.

ಆರಂಭಕ್ಕೆ ದೊಡ್ಡ ಯೋಜನೆ ಬೇಡ. ಹಾದಿಯನ್ನು ಬಲ್ಲ ಗೈಡ್‌ಗಳು ಆಗಲೇ ಇದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಕಿಲೋಮೀಟರ್ ಹೆಸರಿಗೆ ಬರೆದು, ಟಿಕೆಟ್ ಹಣದಿಂದ ಕೂಲಿ ಕೊಟ್ಟು, ಹಾರೆ, ಪಿಕಾಸಿ, ಗುದ್ದಲಿ ಒದಗಿಸಿದರೆ ಆಯಿತು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಚಾರಣ ತಂಡಗಳು ಅವರ ಕೈಕೆಳಗೆ ಕಲ್ಲು ಹೊರಲಿ. ಕಲ್ಲು ಹೂಳುವ ಕೆಲಸವನ್ನು ದೀಪಾವಳಿ ಕಳೆದ ಕೂಡಲೇ, ನೆಲ ಇನ್ನೂ ಮೆತ್ತಗಿರುವಾಗ ಮುಗಿಸಬೇಕು. ಹೂಳು ತೆಗೆಯುವುದನ್ನು ಮೇ ಮೂರನೆಯ ವಾರದೊಳಗೆ ಮಾಡಬೇಕು, ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಗುದ್ದಲಿ ಹಿಡಿದು ಹೋದರೆ ಪ್ರಯೋಜನವಿಲ್ಲ.