133 ಪ್ರೂಫ್ ವಿಸ್ಕಿ ಮತ್ತು ಒಂದು ಟೀ ಚಮಚ ನೀರು

ಇಲ್ಲಿ ಅಮೆರಿಕದಲ್ಲಿ ಕಳೆದ ತಿಂಗಳು ಗೆಳೆಯರೊಬ್ಬರ ಮನೆಯಲ್ಲಿ ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಎಂಬ ಬೋರ್ಬನ್ನಿನ, ಅಂದರೆ ಅಮೆರಿಕದ ಮೆಕ್ಕೆಜೋಳದ ವಿಸ್ಕಿಯ, ಬಾಟಲಿ ತೆರೆದರು. ಬ್ಯಾರೆಲ್ ಪ್ರೂಫ್ ಎಂದರೆ ಪೀಪಾಯಿಯಿಂದ ತೆಗೆದದ್ದನ್ನು ನೀರು ಬೆರೆಸಿ ಇಳಿಸದೆ ಬಾಟಲಿಗೆ ತುಂಬಿದ್ದು. ನಾನು ಲೋಟಕ್ಕೆ ನೀರು ಬೆರೆಸಿಕೊಂಡದ್ದನ್ನು ಕಂಡು ಪಕ್ಕದಲ್ಲಿ ಕೂತಿದ್ದವರು ನಕ್ಕರು. "ಇಂಥದ್ದನ್ನು ರಾ ಹೊಡೆಯಬೇಕು ಸ್ವಾಮಿ, ನೀರು ಹಾಕಿ ಕೆಡಿಸಬೇಡಿ" ಎಂಬುದು ಅವರ ಮಾತು. ಅಲ್ಲಿ ವಾದಕ್ಕೆ ಇಳಿಯಲಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಕೇಳಿ ತಂದು, ನಾಲ್ಕು ಸಂಜೆ ಅಳತೆಯ ಚಮಚ ಹಿಡಿದು ಕೂತೆ. ಆ ವಾದವನ್ನು ಈಗ ಇಲ್ಲಿ ಮಾಡುತ್ತಿದ್ದೇನೆ.

ಬಾಟಲಿಯ ಮೇಲೆ ಸಿ923 ಎಂದಿದೆ. ಅಂದರೆ 2023ರ ಸೆಪ್ಟೆಂಬರಿನಲ್ಲಿ ಬಂದ, ಆ ವರ್ಷದ ಮೂರನೆಯ ಬ್ಯಾಚು. ವಯಸ್ಸು 13 ವರ್ಷ 7 ತಿಂಗಳು, ಪ್ರೂಫ್ 133. ಅಮೆರಿಕದ ಲೆಕ್ಕದಲ್ಲಿ ಪ್ರೂಫ್ ಎಂದರೆ ಆಲ್ಕೋಹಾಲಿನ ಶೇಕಡಾವಾರಿನ ಇಮ್ಮಡಿ, ಆದ್ದರಿಂದ ಇದು ಶೇ 66.5. ನಮ್ಮ ಊರಿನ ಬಾಟಲಿಗಳ ಮೇಲೆ ಕಾಣುವ 42.8 ಎಂಬ ವಿಚಿತ್ರ ಅಂಕಿ ಬಂದದ್ದು ಬ್ರಿಟಿಷರ ಹಳೆಯ ಅಳತೆಯಿಂದ. ಅವರಿಗೆ ಶೇ 57ಕ್ಕಿಂತ ತುಸು ಹೆಚ್ಚಿದ್ದರೆ 100 ಪ್ರೂಫ್, ಅದರ ಮುಕ್ಕಾಲು ಭಾಗವೇ 42.8. ಮದ್ದಿನಪುಡಿಯನ್ನು ಮದ್ಯದಲ್ಲಿ ನೆನೆಸಿ ಕಿಡಿ ತಾಗಿಸಿದಾಗ ಹೊತ್ತಿಕೊಂಡರೆ ಸಾಚಾ ಎನ್ನುತ್ತಿದ್ದರಂತೆ; ಪ್ರೂಫ್ ಎಂಬ ಹೆಸರು ಅಲ್ಲಿಂದ ಬಂತೆಂಬುದು ರೂಢಿಯ ಮಾತು. ಈ ವಿಸ್ಕಿಯ 30 ಮಿ.ಲೀ. ಕುಡಿದರೆ ಊರಿನ ಒಂದೂವರೆ ಸಣ್ಣ ಪೆಗ್ಗಿಗಿಂತ (30 ಮಿ.ಲೀ.ಯದು) ಒಂದಿಷ್ಟು ಹೆಚ್ಚೇ ಒಳಗೆ ಹೋಗಿರುತ್ತದೆ ಎಂಬುದನ್ನು ಲೆಕ್ಕ ಇಟ್ಟುಕೊಳ್ಳುವವರು ಮರೆಯಬಾರದು.

ಇಷ್ಟು ತೀಕ್ಷ್ಣತೆ ಬಂದದ್ದು ಹೇಗೆ ಎಂಬುದು ರುಚಿಗೆ ನೇರ ಸಂಬಂಧಿಸಿದ ಪ್ರಶ್ನೆ. ಬೋರ್ಬನ್ನಿನಲ್ಲಿ ಧಾನ್ಯದ ಪೈಕಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಅದು ಮಾಗಬೇಕು, ಪೀಪಾಯಿಗೆ ತುಂಬುವಾಗ ಶೇ 62.5ನ್ನು ಮೀರುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಹಾಗಿದ್ದರೆ ಮಿಕ್ಕ ನಾಲ್ಕು ಅಂಶ ಎಲ್ಲಿಂದ ಬಂತು? ಈ ವಿಸ್ಕಿ ಮಾಗುವ ಕೆಂಟಕಿ ರಾಜ್ಯದ ಗೋದಾಮುಗಳ ಮೇಲಂತಸ್ತುಗಳಲ್ಲಿ ಬೇಸಿಗೆಯ ಕಾವು ವಿಪರೀತ. ಆ ಒಣ ಸೆಕೆಯಲ್ಲಿ ಮರದ ಮೂಲಕ ಆಲ್ಕೋಹಾಲಿಗಿಂತ ನೀರೇ ಹೆಚ್ಚಾಗಿ ಹಾರಿಹೋಗಿ, ಉಳಿದದ್ದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ತಂಪು, ತೇವದ ಸ್ಕಾಟ್ಲೆಂಡಿನಲ್ಲಿ ಆಗುವುದು ಇದರ ತಿರುಗುಮುರುಗು. ಅಂದರೆ 133 ಎಂಬುದು ಯಾರೋ ಸಾಹಸಕ್ಕೆಂದು ಆರಿಸಿಕೊಂಡ ಅಂಕಿಯಲ್ಲ, ಹದಿಮೂರು ಬೇಸಿಗೆಗಳು ಬಿಟ್ಟುಹೋದ ಗುರುತು. ಹೊಸ ಮರದ ಜೊತೆ ಅಷ್ಟು ಕಾಲ ಇದ್ದುದರಿಂದ ಸಿಹಿಯ ಜೊತೆಗೆ ಒಗರೂ ಬಂದಿರುತ್ತದೆ, ಮತ್ತು ಆ ಒಗರು ಎಷ್ಟಿದೆ ಎಂಬುದು ನೀರು ಬೆರೆಸದೆ ಗೊತ್ತಾಗುವುದಿಲ್ಲ.

ಮೊದಲ ಸಂಜೆ ನೀರಿಲ್ಲದೆಯೇ ಕುಡಿದೆ. ಲೋಟವನ್ನು ನೇರವಾಗಿ ಮೂಗಿಗೆ ಹಿಡಿದರೆ ಘಾಟಿನ ಹೊರತು ಏನೂ ಸಿಗುವುದಿಲ್ಲ. ಗಲ್ಲದ ಮಟ್ಟದಲ್ಲಿ ಹಿಡಿದು, ಬಾಯಿ ತುಸು ತೆರೆದು ಉಸಿರೆಳೆದುಕೊಂಡರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಕಂದುಬಣ್ಣಕ್ಕೆ ತಿರುಗುವ ಹೊತ್ತಿನ ವಾಸನೆ, ಅದರ ಹಿಂದೆ ಚಕ್ಕೆ, ಬಹಳ ದಿನ ಮುಚ್ಚಿಟ್ಟ ಮರದ ಬೀರುವಿನ ಬಾಗಿಲು ತೆರೆದಂಥ ಒಂದು ಗಾಳಿ. ಮೊದಲ ಗುಟುಕು ನಾಲಿಗೆಯನ್ನು ಮರಗಟ್ಟಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯದರಲ್ಲಿ ದಟ್ಟವಾದ ಸಿಹಿ ಬಂತು, ಬಂದಷ್ಟೇ ವೇಗವಾಗಿ ಉರಿಯಲ್ಲಿ ಮುಚ್ಚಿಹೋಯಿತು. ಈ ಉರಿ ರುಚಿಯಲ್ಲ. ಮೆಣಸಿನಕಾಯಿಯ ಖಾರ ತಟ್ಟುವ ನರದ ಗ್ರಾಹಕವನ್ನೇ ಆಲ್ಕೋಹಾಲೂ ಕೆರಳಿಸಿ, ಬಾಯಿಯ ಸಹಜ ಬಿಸಿಯನ್ನೇ ಸುಡುವ ಬಿಸಿಯೆಂದು ಅದಕ್ಕೆ ತೋರಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಳಸುವ ಮನೆಯವರಿಗೆ ಖಾರವೇ ಬೇರೆ, ಪರಿಮಳವೇ ಬೇರೆ ಎಂದು ಹೇಳಿಕೊಡಬೇಕಾಗಿಲ್ಲ. ಅಂಥವರೂ ವಿಸ್ಕಿಯ ವಿಷಯಕ್ಕೆ ಬಂದಾಗ ಉರಿಯನ್ನೇ ಗುಣವೆಂದು ಎಣಿಸುತ್ತಾರಲ್ಲ, ಅದು ನನಗೆ ಅರ್ಥವಾಗದ ಸಂಗತಿ.

ಮರುದಿನ 30 ಮಿ.ಲೀ.ಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಹಾಕಿದೆ. ಲೆಕ್ಕ ಹಾಕಿದರೆ ಸರಿಯಾಗಿ ಶೇ 57, ಬ್ರಿಟಿಷರ ಮದ್ದು ಹೊತ್ತಿಕೊಳ್ಳುವ ಹದ! ಇನ್ನೊಂದು ಚಮಚಕ್ಕೆ ಶೇ 50 ಆಗುತ್ತದೆ. 1897ರ ಕಾಯಿದೆಯಂತೆ ಬಾಟಲ್ಡ್ ಇನ್ ಬಾಂಡ್, ಅಂದರೆ ಸರಕಾರದ ಉಸ್ತುವಾರಿಯ ಗೋದಾಮಿನಲ್ಲಿ ಮಾಗಿದ, ವಿಸ್ಕಿಗೆ ಇರಬೇಕಾದ 100 ಪ್ರೂಫ್ ಇದೇ. ನಾಲ್ಕು ಚಮಚಕ್ಕೆ ಹೆಚ್ಚುಕಡಿಮೆ ಶೇ 40, ಬೋರ್ಬನ್ ಎಂದು ಬಾಟಲಿಗೆ ತುಂಬಿ ಮಾರಲು ಇಲ್ಲಿ ಇರಲೇಬೇಕಾದ ಕನಿಷ್ಠ. ಒಂದೇ ಬಾಟಲಿಯಿಂದ ಇಷ್ಟು ಬಗೆಯ ವಿಸ್ಕಿಗಳನ್ನು ಮನೆಯಲ್ಲೇ ಮಾಡಿಕೊಳ್ಳಬಹುದಾಗಿದ್ದರೆ, ಹೆಚ್ಚು ಪ್ರೂಫಿಗೆ ಕೊಡುವ ಹೆಚ್ಚಿನ ಹಣ ಆ ಸ್ವಾತಂತ್ರ್ಯಕ್ಕೆ ಕೊಟ್ಟದ್ದು ಎಂದೇ ನಾನು ತಿಳಿಯುತ್ತೇನೆ. ರಾ ಹೊಡೆಯುವವರು ಹಣ ಕೊಟ್ಟು ಕೊಂಡ ಸ್ವಾತಂತ್ರ್ಯವನ್ನು ಬಳಸದೆ ಹಿಂದಿರುಗಿಸುತ್ತಿದ್ದಾರೆ.

ಒಂದು ಚಮಚದಲ್ಲಿ ಬೆಲ್ಲದ ಹಿಂದೆ ಒಣ ಖರ್ಜೂರ, ಲವಂಗ, ಹುರಿದ ಕಾಯಿಬೀಜಗಳು ಕಾಣಿಸಿದವು. ಎರಡು ಚಮಚದಲ್ಲಿ ವಾಸನೆ ಇನ್ನೂ ಬಿಚ್ಚಿಕೊಂಡಿತು, ಸುಟ್ಟ ಮರದಲ್ಲಿರುವ ಲಿಗ್ನಿನ್ ಎಂಬ ಅಂಶದಿಂದ ಬರುವ ವೆನಿಲಾ ಮೊದಲ ಬಾರಿಗೆ ಸ್ಪಷ್ಟವಾಯಿತು. ಆದರೆ ನಾಲಿಗೆಯ ಮೇಲಿನ ಜೋನಿಬೆಲ್ಲದಂಥ ದಪ್ಪ ತೆಳುವಾಗತೊಡಗಿತು. ನೀರು ಸೇರಿದಾಗ ಕೆಲವು ಪರಿಮಳದ ಅಣುಗಳು ದ್ರವದ ಮೇಲ್ಮೈಗೆ ಬರುತ್ತವೆ ಎಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ, ನನ್ನ ಮೂಗಿಗೂ ಹಾಗೆಯೇ ಅನಿಸಿತು. ಮೂರನೆಯ ಚಮಚಕ್ಕೆ ದೋಷ ಹೊರಬಿತ್ತು: ಅಡಿಕೆ ಅಗಿದು ಉಗಿದ ಮೇಲೆ ಬಾಯಲ್ಲಿ ಉಳಿಯುವಂಥ ಒಗರು, ದವಡೆಯ ಒಳಬದಿಯನ್ನು ಹಿಡಿದುಕೊಂಡು ಬಿಡದು. ಹದಿಮೂರು ವರ್ಷ ಈ ವಿಸ್ಕಿಗೆ ಒಂದೆರಡು ವರ್ಷ ಜಾಸ್ತಿಯೇ ಆಯಿತು ಎಂದು ನನ್ನ ಅಭಿಪ್ರಾಯ. ನಾಲ್ಕನೆಯ ಚಮಚದ ಬಗ್ಗೆ ಬರೆಯುವಂಥದ್ದೇನಿಲ್ಲ.

ಪ್ರೂಫಿನ ಅಂಕಿಯನ್ನು ಪದಕದಂತೆ ಎದೆಗೆ ತಗುಲಿಸಿಕೊಳ್ಳುವವರೂ ಇದ್ದಾರೆ. 140 ಪ್ರೂಫ್, ಅಂದರೆ ಶೇ 70 ದಾಟಿದರೆ ವಿಮಾನದಲ್ಲಿ ಒಯ್ಯುವಂತಿಲ್ಲ; ಅಂಥ ಬಾಟಲಿಗಳನ್ನು "ಹ್ಯಾಜ್‌ಮ್ಯಾಟ್" ಎಂದು ಕರೆದು ಸಂಗ್ರಹಿಸುತ್ತಾರೆ. ಅಪಾಯಕಾರಿ ಸರಕು ಎಂಬುದನ್ನು ರುಚಿಯ ಪ್ರಮಾಣಪತ್ರದಂತೆ ಬಳಸುವುದು ನನಗೆ ತಮಾಷೆಯಾಗಿಯೇ ಕಾಣುತ್ತದೆ.

ನನ್ನ ಮಟ್ಟಿಗೆ ಸಿ923ರ ಹದ ಒಂದೂವರೆ ಚಮಚ, ಶೇ 53ರ ಆಸುಪಾಸು, ಬೆರೆಸಿದ ಮೇಲೆ ಹತ್ತು ನಿಮಿಷ ಕಾಯಬೇಕು. ಆ ಹದದಲ್ಲಿ ಅದು ನಾನು ಕುಡಿದ ಒಳ್ಳೆಯ ಬೋರ್ಬನ್ನುಗಳಲ್ಲಿ ಒಂದು. ಆದರೂ ಸ್ವಂತ ಹಣ ಹಾಕುವುದಾದರೆ ನಾನು ಕೊಳ್ಳುವುದು ವೈಲ್ಡ್ ಟರ್ಕಿ ಕಂಪನಿಯವರ ರೇರ್ ಬ್ರೀಡ್ ಎಂಬ ಬೋರ್ಬನ್ನನ್ನು. ಅದು 116.8 ಪ್ರೂಫ್, ಬೆಲೆ ಕಡಿಮೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅರ್ಧ ಚಮಚ ನೀರಿಗೇ ತೃಪ್ತಿಪಟ್ಟುಕೊಳ್ಳುತ್ತದೆ, ಮತ್ತು ದವಡೆಯನ್ನು ಹಿಡಿದುಕೊಳ್ಳುವುದಿಲ್ಲ.