ಕೆ.ಎಲ್. 14ರ ಗಾಡಿ ಯಾರ ಗಾಡಿ?

"ಇದು ಕೇರಳದ ಗಾಡಿಯಲ್ಲವಾ ಅಂಕಲ್, ನಮ್ಮಲ್ಲಿ ಆಗುವುದಿಲ್ಲ" ಎಂದು ಮಂಗಳೂರಿನ ಸರ್ವಿಸ್ ಸೆಂಟರಿನ ಹುಡುಗ ಹೇಳಿ ಒಂದು ಹಗಲು, ಒಂದು ರಾತ್ರಿ ಕಳೆದಿದೆ. ಇಷ್ಟು ಹೊತ್ತಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಗಾಡಿಗೆ ಏನಾಗಿದೆ ಎಂದು ಅವನು ಕೇಳಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. ಗಾಜಿನ ಬಾಗಿಲಿನಾಚೆ ಪಿಕಪ್ಪಿನ ಮೇಲೆ ಹಗ್ಗ ಬಿಗಿದು ನಿಲ್ಲಿಸಿದ್ದ ನನ್ನ ವಿದ್ಯುತ್ ಮೋಟಾರ್ ಸೈಕಲ್ಲಿನ ಹಸಿರು ನಂಬರ್ ಪ್ಲೇಟಿನತ್ತ ಒಮ್ಮೆ ಕಣ್ಣು ಹಾಯಿಸಿದ, ಅದರ ಮೇಲಿನ 'ಕೆ.ಎಲ್. 14' ಎಂಬ ಬಿಳಿ ಅಕ್ಷರಗಳನ್ನು ಓದಿದ, ತೀರ್ಪು ಕೊಟ್ಟುಬಿಟ್ಟ. ನನ್ನ ಹಿಂದೆ ಏಳೆಂಟು ಮಂದಿ ನಿಂತಿದ್ದರು.

ಆಗ ಮುಖ್ಯ ಬ್ಯಾಟರಿಯಲ್ಲಿ 71 ಶೇಕಡಾ ಚಾರ್ಜ್ ಇತ್ತು. ನನಗೆ ಸಹಿಸಲಾಗದಿರುವುದು ಇದೇ. ದಾರಿಯಲ್ಲಿ ಚಾರ್ಜ್ ಮುಗಿಸಿಕೊಂಡು ನಿಂತವನು ನಾನಲ್ಲ. ಎರಡು ವರ್ಷಗಳಿಂದ ದಿನಕ್ಕೆ 60, 70 ಕಿಲೋಮೀಟರ್ ಓಡಿಸುತ್ತಿರುವ ನನಗೆ ಯಾವ ಏರಿಗೆ ಎಷ್ಟು ಶೇಕಡಾ ಹೋಗುತ್ತದೆ, ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಮೋಟಾರು ತಾನೇ ಎಳೆದು ಹಿಡಿದು ಎಷ್ಟು ಮರಳಿ ತುಂಬುತ್ತದೆ ಎಂಬುದೆಲ್ಲ ಬಾಯಿಪಾಠವಾಗಿದೆ. ಪಿಗ್ಮಿ, ಅಂದರೆ ಅಂಗಡಿಯವರ ದಿನದಿನದ ಉಳಿತಾಯದ ಹಣ, ಸಂಗ್ರಹಿಸುವವನ ಬದುಕು ಅಂಥದ್ದು. ಬೆಳಿಗ್ಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಹೊರಟರೆ ನೀರ್ಚಾಲು, ಸೀತಾಂಗೋಳಿ, ಕುಂಬಳೆ ಎಂದು ಅಂಗಡಿ ಅಂಗಡಿ ಹತ್ತಿ ಇಳಿದು ಮನೆ ಸೇರುವಾಗ ರಾತ್ರಿಯಾಗುತ್ತದೆ. ಒಂದು ದಿನ ತಪ್ಪಿದರೆ ಆ ದಿನದ ಕಮಿಷನ್ ಹೋಯಿತು. ಎರಡು ದಿನ ತಪ್ಪಿದರೆ ಅಂಗಡಿಯವರಿಂದ ಫೋನ್ ಬರಲು ಆರಂಭವಾಗುತ್ತದೆ.

ಕೈಕೊಟ್ಟದ್ದು ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ. ಕೀ ತಿರುಗಿಸಿದಾಗ ಈ ಸಣ್ಣದು ಮೊದಲು ಎಚ್ಚರಗೊಂಡು, ದೊಡ್ಡ ಬ್ಯಾಟರಿಯನ್ನೂ ಮೋಟಾರನ್ನೂ ಜೋಡಿಸುವ ಸ್ವಿಚ್ಚನ್ನು ಎಳೆಯಬೇಕು. ಸೀಟಿನ ಅಡಿಯಿಂದ 'ಟಕ್' ಎಂಬ ಒಂದು ಶಬ್ದ ಬರುತ್ತದೆ, ಗಾಡಿ ಇಟ್ಟುಕೊಂಡವರಿಗೆಲ್ಲ ಅದು ಗೊತ್ತು. ಸೋಮವಾರ ಸೀತಾಂಗೋಳಿಯಲ್ಲಿ ಕೀ ತಿರುಗಿಸಿದಾಗ ಆ ಶಬ್ದ ಬರಲಿಲ್ಲ. ಪರದೆ ಒಮ್ಮೆ ಬೆಳಗಿತು, ಒಂದು ಎಚ್ಚರಿಕೆಯ ಸಂಕೇತವನ್ನು ತೋರಿಸಿ ಕಪ್ಪಾಯಿತು. ನೂರು ಕಿಲೋಮೀಟರಿಗೆ ಹತ್ತಿರ ಓಡುವಷ್ಟು ವಿದ್ಯುತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡ ಗಾಡಿ ಅಂಗೈಯಗಲದ ಒಂದು ಬ್ಯಾಟರಿಗಾಗಿ ಕಲ್ಲಿನಂತೆ ನಿಂತಿತು. ಹಳೆಯ ಪೆಟ್ರೋಲ್ ಬೈಕ್ ಆಗಿದ್ದರೆ ಇಳಿಜಾರಿನಲ್ಲಿ ತಳ್ಳಿ, ಎರಡನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಜೀವ ಬರುತ್ತಿತ್ತು. ಇದಕ್ಕೆ ಗೇರೂ ಇಲ್ಲ, ಕ್ಲಚ್ಚೂ ಇಲ್ಲ.

ನಮ್ಮೂರಿನ ಮೆಕ್ಯಾನಿಕರು ಮೀಟರು ಹಿಡಿದು ನೋಡಿದರು. 9.4 ವೋಲ್ಟ್ ಎಂದು ತೋರಿಸಿತು. "ಇದನ್ನು ಹತ್ತು ನಿಮಿಷದಲ್ಲಿ ಬದಲಿಸಬಹುದು ಮಾರಾಯರೇ, ಆದರೆ ಈ ಸೀಲು ಒಡೆದರೆ ನಿಮ್ಮ ವಾರಂಟಿ ಹೋಗುತ್ತದೆ. ಪರದೆಯಲ್ಲಿ ಬಂದಿರುವ ಆ ಸಂಕೇತವನ್ನು ಅಳಿಸಲು ಕಂಪನಿಯ ಲ್ಯಾಪ್‌ಟಾಪೇ ಬೇಕು" ಎಂದು ಅವರು ಕೈ ಒರೆಸಿಕೊಂಡರು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಆ ಮನುಷ್ಯ ಒಂದು ಪ್ಲಾಸ್ಟಿಕ್ ಸೀಲಿನ ಮುಂದೆ ಹಿಂದೆ ಸರಿಯಬೇಕಾಯಿತು.

ನಾನು ಗಾಡಿ ಕೊಂಡ ಕಾಸರಗೋಡಿನ ಮಳಿಗೆ ಕಳೆದ ವರ್ಷ ಬಾಗಿಲು ಹಾಕಿದೆ. ಹಾಗಾಗಿ ಕಣ್ಣೂರಿಗೆ ಫೋನ್ ಮಾಡಿದೆ. ಮಲಯಾಳದಲ್ಲಿಯೇ ಮಾತನಾಡಿದೆ, ನಮಗದು ಕಷ್ಟವಲ್ಲ. ನಮ್ಮ ಜಿಲ್ಲೆಯಲ್ಲಿ ಎರಡು ಮೂರು ಭಾಷೆ ಬಾರದವರು ಸಿಗುವುದೇ ಕಡಿಮೆ. ಅವರು ಸೌಜನ್ಯದಿಂದಲೇ ಹೇಳಿದರು: ನಿಮಗೆ ಮಂಗಳೂರು ಹತ್ತಿರ, ಅಲ್ಲಿಗೆ ಕೊಂಡುಹೋಗಿ, ಕಂಪನಿ ಒಂದೇ ಅಲ್ಲವೇ. ಮಾತು ಸರಿಯೆನ್ನಿಸಿತು. ಬದಿಯಡ್ಕದಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಕಣ್ಣೂರಿಗೆ 100ಕ್ಕೂ ಮಿಕ್ಕಿ. 2,200 ರೂಪಾಯಿ ಬಾಡಿಗೆಗೆ ಪಿಕಪ್ ಗೊತ್ತುಮಾಡಿ, ರಾಜ್ಯದ ಗಡಿಯಾದ ತಲಪಾಡಿ ದಾಟಿ ಹೋದೆ.

ಆ ಗಾಜಿನ ಬಾಗಿಲಿನೊಳಗೆ ನಡೆದುದನ್ನು ಮತ್ತೊಮ್ಮೆ ಹೇಳದೆ ನನಗೆ ಸಮಾಧಾನವಿಲ್ಲ. ಹುಡುಗ ನನ್ನ ಪಿನ್ ಕೋಡ್ ಕೇಳಿದ. 671 ಎಂದು ಮೂರು ಅಂಕೆ ಒತ್ತುವಷ್ಟರಲ್ಲಿ ಅವನ ಬೆರಳು ನಿಂತಿತು. "ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ" ಎಂದ. ವಾರಂಟಿ ಇನ್ನೂ ಮುಗಿದಿಲ್ಲ ಎಂದೆ. ವಾರಂಟಿ ಕೆಲಸವೆಂದರೆ ಕೇರಳದ ಡೀಲರೇ ಮಾಡಬೇಕು ಎಂದ. ಕಣ್ಣೂರಿನವರೇ ಇಲ್ಲಿಗೆ ಕಳುಹಿಸಿದರು ಎಂದೆ. ಅವನು ನಕ್ಕ. ಕೆಟ್ಟ ನಗುವಲ್ಲ, ಆದರೆ ಆ ನಗುವನ್ನು ನನ್ನ ಹಿಂದಿದ್ದವರೂ ನೋಡಿದರು. ಅವರಲ್ಲೊಬ್ಬರು ತಾಳ್ಮೆ ಕಳೆದುಕೊಂಡು ಕೈಗಡಿಯಾರ ನೋಡಿದರು. ನಾನು ಮೆಲ್ಲಗೆ, ನಾಚಿಕೆಯಿಂದ, "ಮಗಾ, ಹಣ ಕೊಡುತ್ತೇನೆ, ವಾರಂಟಿ ಬೇಡ, ಆ ಸಣ್ಣ ಬ್ಯಾಟರಿಯನ್ನಾದರೂ ಬದಲಿಸಿ ಕೊಡು" ಎಂದೆ. ಹಾಗೆ ಬೇಡಿಕೊಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಹಕ್ಕಿನ ಕೆಲಸಕ್ಕೆ ನಾನೇಕೆ ಹಣದ ಮಾತು ತೆಗೆದೆ? ಅವನು ತಲೆ ಎತ್ತದೆ ನನ್ನ ಟೋಕನ್ ಚೀಟಿಯ ಮೇಲೆ ಕೆಂಪು ಪೆನ್ನಿನಿಂದ 'ಕೆ.ಎಲ್.' ಎಂದು ಬರೆದು, ಕೆಳಗೆ ಗೆರೆ ಎಳೆದು ನನ್ನ ಕೈಗಿತ್ತು, ನನ್ನ ಭುಜದ ಮೇಲಿನಿಂದ "ಮುಂದಿನವರು ಬನ್ನಿ" ಎಂದು ಕರೆದ. ನಾವಿಬ್ಬರೂ ಆಡಿದ್ದು ಕನ್ನಡ. ಒಂದೇ ಬಗೆಯ ಕನ್ನಡ. ಅವನ ಅಜ್ಜಿಮನೆ ಪೆರ್ಲದಲ್ಲೋ ಮಂಜೇಶ್ವರದಲ್ಲೋ ಇದ್ದರೂ ನನಗೆ ಆಶ್ಚರ್ಯವಾಗದು.

ಹುಡುಗನ ತಪ್ಪೇನೂ ಇಲ್ಲ, ಕಂಪ್ಯೂಟರ್ ಬಿಡದಿದ್ದರೆ ಅವನಾದರೂ ಏನು ಮಾಡಿಯಾನು ಎಂದು ಹಿಂದಿರುಗುವ ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. ಉಪ್ಪಳ ತಲುಪುವಷ್ಟರಲ್ಲಿ ಆ ಸಮಾಧಾನ ಉಳಿಯಲಿಲ್ಲ. ತಪ್ಪು ಖಂಡಿತವಾಗಿಯೂ ಇದೆ. ಎದ್ದು ಬಂದು ಗಾಡಿಯನ್ನು ನೋಡಲು ಯಾವ ಸಿಸ್ಟಮ್ಮಿನ ಅಪ್ಪಣೆ ಬೇಕು?

2023ರ ಮೇ ತಿಂಗಳಲ್ಲಿ ಈ ಗಾಡಿಯನ್ನು ನನಗೆ ಮಾರಿದಾಗ ಯಾರೂ ಗಡಿಯ ಮಾತೆತ್ತಲಿಲ್ಲ. ಜೂನ್ 1ರಿಂದ ವಿದ್ಯುತ್ ವಾಹನಗಳಿಗಿರುವ ಫೇಮ್-2 ಯೋಜನೆಯ ಸಹಾಯಧನ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000ದಿಂದ 10,000 ರೂಪಾಯಿಗೆ ಇಳಿಯುತ್ತದೆ, ಬೆಲೆಯ 40 ಶೇಕಡಾವರೆಗೆ ಇದ್ದ ಮಿತಿ 15 ಶೇಕಡಾ ಆಗುತ್ತದೆ, ಈಗಲೇ ತೆಗೆದುಕೊಳ್ಳಿ ಎಂದು ಅವಸರಪಡಿಸಿದರು. ಆ ಸಹಾಯಧನ ಕೇಂದ್ರ ಸರ್ಕಾರದ್ದಾಗಿತ್ತು. ಮಂಗಳೂರಿನವರಿಗೂ ಅದೇ, ನನಗೂ ಅದೇ. ವಿದ್ಯುತ್ ವಾಹನದ ಮೇಲಿನ 5 ಶೇಕಡಾ ಜಿಎಸ್‌ಟಿಯೂ ಎರಡೂ ಕಡೆ ಒಂದೇ. ಹಣ ತೆಗೆದುಕೊಳ್ಳುವಾಗ ಒಂದಾಗಿದ್ದ ಕಂಪನಿ ದುರಸ್ತಿಯ ದಿನ ತಲಪಾಡಿಯಲ್ಲಿ ಎರಡಾಗುವುದು ಹೇಗೆ? 1956ರಲ್ಲಿ ರಾಜ್ಯಗಳ ನಡುವೆ ಎಳೆದ ಗೆರೆಯನ್ನು ನಾವು ಹೇಗೋ ಹೊತ್ತುಕೊಂಡು ಬದುಕಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗಲೂ ನೋಡಿದ್ದೇವೆ. ಆ ಮಣ್ಣನ್ನು ಮತ್ತೆ ತೆಗೆಯಲಾಯಿತು. ಕಂಪ್ಯೂಟರಿನೊಳಗೆ ಸುರಿದ ಮಣ್ಣನ್ನು ತೆಗೆಯುವವರು ಯಾರು?

ದಯವಿಟ್ಟು ಯಾರಾದರೂ ಉತ್ತರಿಸಿ. ಕಾಸರಗೋಡಿನಲ್ಲಿ ವಿದ್ಯುತ್ ಮೋಟಾರ್ ಸೈಕಲ್ ಇಟ್ಟುಕೊಂಡವರು ನಾನೊಬ್ಬನೇ ಅಲ್ಲ. ನಿಮ್ಮ ಗಾಡಿಯನ್ನು ಮಂಗಳೂರಿನಲ್ಲಿ ತೆಗೆದುಕೊಂಡಿದ್ದಾರೆಯೇ? ತೆಗೆದುಕೊಂಡಿದ್ದರೆ ಯಾವ ಕಾಗದ ತೋರಿಸಿದಿರಿ? ಹೊಸೂರಿನಲ್ಲಿ, ಅಕ್ಕಲಕೋಟೆಯಲ್ಲಿ, ಮಡಕಶಿರಾದಲ್ಲಿ ಇರುವ ಕನ್ನಡದವರೇ, ನಿಮಗೂ ಹೀಗೆಯೇ ಆಗುತ್ತದೆಯೇ? ಕಂಪನಿಯಲ್ಲಿ ಕೆಲಸ ಮಾಡುವವರು ಇದನ್ನು ಓದಿದರೆ, ಒಂದು ಪಿನ್ ಕೋಡಿನ ಬಾಗಿಲು ತೆರೆಯಲು ಯಾರಿಗೆ ಬರೆಯಬೇಕೆಂದಾದರೂ ತಿಳಿಸಿ.

ಮಾರಿಬಿಡುತ್ತೇನೆ ಎಂದು ನಿನ್ನೆ ರಾತ್ರಿ ಮನೆಯಲ್ಲಿ ಘೋಷಿಸಿದ್ದೇನೆ. ಕೇರಳದಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ನಮ್ಮ ಕಡೆಯವರು ಟ್ಯಾಂಕ್ ತುಂಬಿಸಲು ತಲಪಾಡಿಯಾಚೆಗೆ ಹೋಗುತ್ತಾರೆ, ನಾನೂ ಪುನಃ ಆ ಸಾಲಿನಲ್ಲಿ ನಿಲ್ಲುತ್ತೇನೆ ಎಂದೆ. ಆದರೆ ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತಿರುವ ಗಾಡಿಯನ್ನು ನೋಡಿದಾಗ ಮನಸ್ಸು ಬರಲಿಲ್ಲ. ನಾಲ್ಕೈದು ಯೂನಿಟ್ ಕರೆಂಟಿನಲ್ಲಿ ದಿನವಿಡೀ ಓಡಿದ ಗಾಡಿ ಇದು. ಮುಂಜಾನೆ ಅಡಿಕೆ ತೋಟಗಳ ನಡುವಿನ ದಾರಿಯಲ್ಲಿ ಹೋಗುವಾಗ ಚೈನಿನ ಸಣ್ಣ ಸದ್ದು ಬಿಟ್ಟರೆ ಬೇರೇನೂ ಕೇಳದು, ತೋಡಿನ ನೀರಿನ ಸದ್ದು ಕೇಳುತ್ತದೆ. ಏರಿನಲ್ಲಿ ಥ್ರಾಟಲ್ ತಿರುಗಿಸಿದರೆ ತಡಮಾಡದೆ, ಅರಚದೆ ಹತ್ತುತ್ತದೆ. ಬಿಸಿ ಸೈಲೆನ್ಸರ್ ಇಲ್ಲದ ಕಾರಣ ನನ್ನ ಹೆಂಡತಿ ಸೀರೆಯುಟ್ಟು ಹೆದರದೆ ಹಿಂದೆ ಕೂರುತ್ತಾಳೆ. ಇಂಥ ಗಾಡಿಯನ್ನು ಮಾರುವುದು ಹೇಗೆ? ಗಾಡಿ ನನಗೆ ಯಾವ ದ್ರೋಹವನ್ನೂ ಮಾಡಿಲ್ಲ.

ಅದಕ್ಕಾಗಿ ಇಂದು ಮಧ್ಯಾಹ್ನ ಕುಳಿತು ರಸೀದಿ, ವಾರಂಟಿ ಪುಸ್ತಕ, ಪಿಕಪ್ ಬಾಡಿಗೆಯ ಚೀಟಿ, ಕೆಂಪು ಪೆನ್ನಿನ ಆ ಟೋಕನ್ ಎಲ್ಲದರ ನಕಲು ಮಾಡಿಸಿದ್ದೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ಹೇಳಲಿದ್ದೇನೆ. ಅಲ್ಲಿ ಆಗದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅಂದರೆ ಕಾಸರಗೋಡಿನಲ್ಲಿ. ಕಂಪನಿಯವರೇ ನಮ್ಮೂರಿಗೆ ಬರಲಿ. ಹೀಗೆ ಬರೆಯುವಾಗ ಧೈರ್ಯ ಬರುತ್ತದೆ. ಬರೆದು ಮುಗಿಸಿದ ಮೇಲೆ, ಒಂದು ಸಣ್ಣ ಬ್ಯಾಟರಿಗಾಗಿ ಎಷ್ಟು ತಿಂಗಳು ಅಲೆಯಬೇಕೋ, ಅಷ್ಟರವರೆಗೆ ಪಿಗ್ಮಿಯನ್ನು ಬಸ್ಸಿನಲ್ಲಿ ಹೋಗಿ ಸಂಗ್ರಹಿಸಬೇಕೋ ಎಂದು ಕೈ ಸೋಲುತ್ತದೆ.

ಇಂದು ಸೀತಾಂಗೋಳಿಯ ಅಂಗಡಿಯವರೊಬ್ಬರು ಫೋನ್ ಮಾಡಿ, "ಎರಡು ದಿನ ಆಯಿತು, ಬರಲೇ ಇಲ್ಲ, ಹುಷಾರಿಲ್ಲವಾ?" ಎಂದು ಕೇಳಿದರು. ಗಾಡಿ ಹಾಳಾಗಿದೆ ಎಂದೆ. "ಚಾರ್ಜ್ ಮುಗಿಯಿತಾ?" ಎಂದರು. ವಿವರಿಸಲು ನನಗೆ ಶಕ್ತಿ ಇರಲಿಲ್ಲ, ಹೌದು ಎಂದುಬಿಟ್ಟೆ. ನಾಳೆ ಬೆಳಿಗ್ಗೆ ಐದೂವರೆಗೆ ಅದೇ ಪಿಕಪ್ ಬರುತ್ತದೆ, ಕಣ್ಣೂರಿಗೆ.