ಜ್ವರ ಬಿಟ್ಟರೂ ಮಣಿಕಟ್ಟು ಬಿಡಲಿಲ್ಲ

"ಜ್ವರ ಬಿಟ್ಟು ಮೂರು ತಿಂಗ್ಳಾತಲೇ, ಇನ್ನೂ ಗುಣ ಆಜಿಲ್ಯನೇ?"

ಈ ಸಲದ ಅಡಿಕೆ ಸುಗ್ಗಿಯಲ್ಲಿ ನಮ್ಮನೆ ಅಂಗಳಕ್ಕೆ ಬಂದವರೆಲ್ಲ ಕೇಳಿದ್ದು ಇದನ್ನೇ. ಸೆಪ್ಟೆಂಬರಿನಲ್ಲಿ ಚಿಕುನ್‌ಗುನ್ಯಾ ಬಂತು, ಐದು ದಿನಕ್ಕೆ ಜ್ವರ ಬಿಟ್ಟಿತು. ಡಿಸೆಂಬರಿನಲ್ಲಿ ಮೆಟ್ಟುಗತ್ತಿ ಎದುರು ಕೂತರೆ ಅಡಿಕೆ ಒತ್ತಲು ಮಣಿಕಟ್ಟೇ ತಿರುಗದು. ಬೆಳಿಗ್ಗೆ ಒಂದು ತಾಸು ಬೆರಳು ಮಡಚಲಾಗದೆ, ಕಷಾಯದ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿಕೊಂಡು ಕುಡಿಯುತ್ತಿದ್ದೆ.

ರಕ್ತ ಪರೀಕ್ಷೆ ನಾರ್ಮಲ್ ಬಂತು. ಅಲ್ಲಿಂದ ನಾನು ಮೈಗಳ್ಳಿ. ಅತ್ತೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟರು ಅಷ್ಟೆ.

ಒಬ್ಬ ಡಾಕ್ಟರು ಹೆಸರಿಲ್ಲದ ಪೊಟ್ಟಣದಲ್ಲಿ ಗುಳಿಗೆ ಕೊಟ್ಟರು. ಎರಡೇ ದಿನಕ್ಕೆ ನೋವು ಮಾಯ! ಗುಳಿಗೆ ಮುಗಿದ ವಾರಕ್ಕೆ ಎರಡು ಪಾಲು ನೋವು, ಮುಖವೂ ಊದಿತ್ತು. ಅದು ಸ್ಟಿರಾಯ್ಡ್ ಅಂತ ಆಮೇಲೆ ತಿಳಿಯಿತು. ಸ್ಟಿರಾಯ್ಡ್ ಕೆಟ್ಟದ್ದು ಅಂತಲ್ಲ, ಹೇಳದೆ ಕೊಡುವುದು ಕೆಟ್ಟದ್ದು. ತಿಂಗಳುಗಟ್ಟಲೆ ನುಂಗಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಕೊನೆಗೆ ಹುಬ್ಬಳ್ಳಿಯಲ್ಲಿ ಕೀಲುರೋಗದ ತಜ್ಞರಿಗೆ ತೋರಿಸಿದೆವು. (ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎಲ್ಲರೂ ಸ್ಟೇಟಸ್ ಹಾಕಿದ್ದೆವು, ನೆನಪಿದೆಯಾ?) ವೈರಸ್ ಹೋದ ಮೇಲೂ ಕೆಲವರ ಮೈಯೊಳಗಿನ ಕಾವಲುಗಾರರು ಕತ್ತಿ ಕೆಳಗಿಡುವುದಿಲ್ಲ, ಕೀಲಿನಲ್ಲಿ ಉರಿಯೂತ ಉಳಿಯುತ್ತದೆ ಎಂದರು. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ಹಂತ ಅಂತಲೇ ಎಣಿಸುತ್ತಾರಂತೆ. ಸಂಧಿವಾತ, ಥೈರಾಯ್ಡ್, ರಕ್ತಹೀನತೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಔಷಧಿ ಬರೆದರು. ಬೆಚ್ಚನೆ ನೀರಿನಲ್ಲಿ ಬೆರಳು ಆಡಿಸಲು ಹೇಳಿದರು.

ಕೀಲು ಹಿಡಿದದ್ದಕ್ಕೆ ಮೆಲ್ಲಗೆ ಆಡಿಸುವುದು ಒಳ್ಳೆಯದು. ಸುಸ್ತಿನ ಲೆಕ್ಕವೇ ಬೇರೆ. ಕೋವಿಡ್ ಆದ ಮೇಲೆ ನನ್ನ ತಮ್ಮನಿಗೆ ಹಾಗೇ ಆಗಿತ್ತು: ಇವತ್ತು ಹುರುಪಿನಲ್ಲಿ ತೋಟ ಸುತ್ತಿದರೆ ನಾಳೆ, ನಾಡಿದ್ದು ಹಾಸಿಗೆ. "ನಡೆದು ನಡೆದು ಗಟ್ಟಿಯಾಗು" ಎಂದ ನಾವೇ ಅವನನ್ನು ಇನ್ನಷ್ಟು ಹಾಳು ಮಾಡಿದೆವು. ಅಂಥವರು ದಣಿಯುವ ಮೊದಲೇ ಕೂರಬೇಕು. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ, ಇದೇ ಬಗೆಯ ದೀರ್ಘ ಸುಸ್ತಿನ ರೋಗಿಗಳಿಗೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಬೇಡ ಎಂದೇ ಹೇಳಿತು.

ಸಿದ್ದಾಪುರ, ಹೊನ್ನಾವರ ಕಡೆಯವರಿಗೆ ಒಂದು ಮಾತು. ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ವಾಸಿಯಾಯಿತು ಅಂದುಕೊಂಡ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಜ್ವರ, ಜೋರು ತಲೆನೋವು, ಕೈನಡುಕ ಬರುತ್ತದೆ. ಅದು ನಿಶ್ಶಕ್ತಿಯಲ್ಲ, ಕಷಾಯ ಕುಡಿಸುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ನಾನೀಗ ದಿನಕ್ಕೆ ಅರ್ಧ ಬುಟ್ಟಿ ಸುಲಿಯುತ್ತೇನೆ. ಉಳಿದದ್ದು ನಮ್ಮನೆಯವರ ಪಾಲು. ರಾತ್ರಿ ಅವರ ಸೊಂಟಕ್ಕೆ ಎಣ್ಣೆ ತಿಕ್ಕುವಷ್ಟು ಮಾತ್ರ ನನ್ನ ಕೈ ಇನ್ನೂ ಸುಧಾರಿಸಿಲ್ಲ.